ಲೋಕೇಶನ ಕಾಲರಿನ ಮೈಕು

೨೦೦೩ರ ಫೆಬ್ರುವರಿಯಲ್ಲಿ ನಾನು ಒಂದು ದೈನಿಕ ಧಾರಾವಾಹಿಯ ಸೌಂಡ್ ರೆಕಾರ್ಡಿಸ್ಟ್ ಆಗಿದ್ದೆ. ಕೆ. ಹೊಸಕೋಟೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಚಿತ್ರೀಕರಣ. ಆ ದಿನ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನಾನು ಕುಳಿತಿದ್ದುದು ಕಾಫಿ ದಾಸ್ತಾನಿಡುವ ಸ್ಟೋರಿನ ಜಗಲಿಯ ಎಡಮೂಲೆಯಲ್ಲಿ. ಹೊಸ ಟೇಪ್ ಹಾಕಿದಾಗ ಸಮಯ ಬರೆದಿಡುವುದು ನಮ್ಮ ಪದ್ಧತಿ, ಹಾಗಾಗಿ ಇದು ಖಚಿತ.

ನಾಯಕ ಲೋಕೇಶ. ನಾವಿಬ್ಬರೂ ಆಲೂರಿನ ಒಂದೇ ನಾಟಕ ತಂಡದವರು, ಒಂದೇ ದಿನ ಆಡಿಷನ್‌ಗೆ ಹೋದವರು. ಅವನು ಆಯ್ಕೆಯಾದ, ನಾನು ಧ್ವನಿ ವಿಭಾಗ ಸೇರಿದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹೆಂಗಸರು ಕೆಲಸ ಬಿಟ್ಟು ಅವನನ್ನು ನೋಡಲು ಬರುತ್ತಿದ್ದರು. ನನ್ನನ್ನು ಕರೆಂಟಿನವನು ಅಂದುಕೊಂಡಿದ್ದರು. ಅವನು ನಕ್ಕರೂ ನನಗೆ ಉರಿಯುತ್ತಿತ್ತು.

ಶಾಟ್ ಮುಗಿದು ಬಿಡುವು ಕೊಟ್ಟಾಗ ಅವನು ಕಾಲರಿನ ವೈರ್‌ಲೆಸ್ ಮೈಕನ್ನು ಆರಿಸದೆ ಎದ್ದುಹೋದ. ನಟರು ಹೀಗೆ ಮರೆಯುವುದುಂಟು. ಆಗ ನಾವು ಆ ಮೈಕಿನ ಚಾನೆಲ್ ಮುಚ್ಚಬೇಕು, ಕೇಳಿದ್ದನ್ನು ಯಾರಿಗೂ ಹೇಳಬಾರದು. ಇದು ನಮ್ಮ ಅಲಿಖಿತ ನಿಯಮ.

"ಸಾಕಾಗ್ಬುಟ್ಟೈತೆ," ಎಂದು ಅವನು ತನ್ನಷ್ಟಕ್ಕೆ ಅನ್ನುತ್ತಿದ್ದುದು ನನ್ನ ಹೆಡ್‌ಫೋನಿಗೆ ಬರುತ್ತಿತ್ತು. "ನಿದ್ದೆ ಇಲ್ಲ... ದಿನಾ ನಗ್ಬೇಕು... ನಾನಿಲ್ದಿದ್ರೆ ಯಾರ್ಗೇನು..."

ನಾನು ಚಾನೆಲ್ ಮುಚ್ಚಲಿಲ್ಲ. ವಾಲ್ಯೂಮ್ ಹೆಚ್ಚಿಸಿದೆ. ನಿನಗೂ ಹೀಗಾಗುತ್ತದೆಯೇ ಎಂದು ಒಳಗೊಳಗೇ ಹಿತವಾಯಿತು. ಬರೆಯಲು ಕಷ್ಟ, ಆದರೆ ಆದದ್ದು ಹಾಗೆಯೇ.

ಮೇಕಪ್ಪಿನ ಸರೋಜಮ್ಮ ಬಂದರು. "ಲೋಕಣ್ಣ ಎಲ್ಲೋದ್ರು? ಬೆಳಗ್ಗಿಂದ ತಿಂಡಿನೂ ಮುಟ್ಟಿಲ್ಲ ಕಣ್ರೀ."

"ಗೊತ್ತಿಲ್ಲ," ಎಂದೆ. ನಿಯಮ ಪಾಲಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೆಡ್‌ಫೋನಿನಲ್ಲಿ ಮಾತು ನಿಂತಿತು. ಬರೀ ಉಸಿರು. ಅದರ ಹಿಂದೆ ಮೋಟಾರಿನ ಸದ್ದು ಏರುತ್ತಿತ್ತು, ನಡುವೆ ಸಿಗ್ನಲ್ ಕಡಿದು ಗರಗರ. ಆಗ ಮೊದಲ ಸಲ ಹೆದರಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪುಟ್ಟೇಗೌಡರು ಅಂಗಳದಲ್ಲಿದ್ದರು.

"ಗೌಡ್ರೇ, ಪಂಪ್‌ಸೆಟ್ ಎಲ್ಲಿ ಓಡ್ತಿದೆ?"

"ಕೆರೆ ಏರಿ ಮೇಲೆ. ಯಾಕ್ ಸ್ವಾಮಿ?"

ಓಡಿದೆ. ಸರೋಜಮ್ಮ, ಪುಟ್ಟೇಗೌಡರು ಇಬ್ಬರೂ ಹಿಂದೆ ಬಂದರು. ಲೋಕೇಶ ನೀರಿನಂಚಿನ ಕಲ್ಲಿನ ಮೇಲೆ ನಿಂತಿದ್ದ. ಪುಟ್ಟೇಗೌಡರು ಮೆಲ್ಲಗೆ ಇಳಿದು ಅವನ ಮುಂಗೈ ಹಿಡಿದು ಏರಿಗೆ ಹತ್ತಿಸಿದರು. "ಬಾ ಮಾರಾಯ, ಬಿಸಿಲು."

ಅವನ ಕಣ್ಣು ನನ್ನ ಕೊರಳಿನ ಹೆಡ್‌ಫೋನ್ ಮೇಲೆ ಬಿತ್ತು. "ಕೇಳುಸ್ತಿತ್ತೇನೋ?"

"ಹ್ಞೂಂ. ಮೊದ್ಲಿಂದ."

"ಮತ್ಯಾಕೋ ಬರ್ಲಿಲ್ಲ?"

"ಹೊಟ್ಟೆಕಿಚ್ಚು ಕಣೋ."

"ಈ ಬಾಳ್ ಮೇಲಾ?" ಮೈಕನ್ನು ಕಿತ್ತು ನನ್ನ ಕೈಗಿಟ್ಟ. "ತಗೋ, ನೀನೇ ಇಟ್ಕೋ." ನಕ್ಕ. ನಗು ಅಳುವಾಯಿತು. ಕುಸಿದು ಕುಳಿತವನನ್ನು ಸರೋಜಮ್ಮ ಮಗುವಿನಂತೆ ತಬ್ಬಿಕೊಂಡರು.

ಅಂದೇ ಹಾಸನದ ಮನೋವೈದ್ಯರ ಬಳಿಗೆ ಕರೆದೊಯ್ದೆವು. ಅವರು ಅದನ್ನು ಡಿಪ್ರೆಶನ್ ಎಂದರು; ಮನಸ್ಸಿನ ದೌರ್ಬಲ್ಯವಲ್ಲ, ಚಿಕಿತ್ಸೆಯಿರುವ ಕಾಯಿಲೆ ಎಂದು ಬಿಡಿಸಿ ಹೇಳಿದರು. ಧಾರಾವಾಹಿಯವರು ಅವನ ಪಾತ್ರವನ್ನು ಕಥೆಯಲ್ಲಿ ದೂರದೂರಿಗೆ ಕಳಿಸಿ ಅವನಿಗೆ ರಜೆ ಕೊಟ್ಟರು.

ಆಮೇಲೆ ಎಷ್ಟೋ ಮೈಕುಗಳನ್ನು ಮುಚ್ಚಿದ್ದೇನೆ. ಆದರೆ ಯಾರದಾದರೂ ದನಿ ಕುಗ್ಗಿದ್ದು ಕಿವಿಗೆ ಬಿದ್ದರೆ ನಿಯಮ ನೋಡದೆ ಎದ್ದು ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಹೊಟ್ಟೆಕಿಚ್ಚು ಹೋಗಿದೆ ಎನ್ನಲಾರೆ. ಅದನ್ನು ಇಟ್ಟುಕೊಂಡೇ ಎದ್ದು ಹೋಗಬಹುದು ಎಂಬುದಷ್ಟೇ ನಾನು ಕಲಿತದ್ದು.

ಕೆರೆ ಏರಿಯ ಮೇಲೆ ಇದನ್ನು ಕಂಡವರಲ್ಲಿ ಸರೋಜಮ್ಮ ಹಾಸನದಲ್ಲಿದ್ದಾರೆ. ಪುಟ್ಟೇಗೌಡರು ಆಲೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಲೋಕೇಶನೂ ಇದ್ದಾನೆ.