ಪ್ರೊಫೆಸರ್ ಬರ್ಕೊಂಡೋದ ಬಾಣಂತಿ ಸರದಿ

ಲಾ ಕಾಲೇಜಲ್ಲಿ ಓದ್ದೋರು ಯಾರಾದ್ರೂ ಇದ್ರೆ ಮೊದ್ಲೇ ಏಳ್ಬುಡ್ತೀನಿ, ನಿಮ್ ಪ್ರೊಫೆಸರ್ರು ನಿಮ್ಗೆ ಮಾಡಿದ್ದು ನನ್ ಪಾಠ. ಕೆರೆ ನೀರಿನ ಸರದಿ, ಅಳ್ಳಿ ಪದ್ಧತಿ, ವಾಡಿಕೆ ಕಾನೂನು ಅಂತ ಅವ್ನು ಕನ್ನಡಕಾನ ಮೂಗಿನ ತುದಿಗಿಳಿಸ್ಕೊಂಡು ಏಳ್ತಿದ್ನಲ್ಲ, ಅದೆಲ್ಲ ನಾನು ಮಳವಳ್ಳಿ ಸೀಮೆ ಬದುಗಳ ಮ್ಯಾಲೆ ಕಾಲು ಸವೆಸಿ ತಂದದ್ದು. ಅವ್ನು ಮಾಡಿದ್ದು ಕದಿಯೋ ಕೆಲ್ಸ. ನಾನು ಮಾಡಿದ್ದು ಅದುಕ್ಕೆ ಸೇಡು ತೀರ್ಸೋ ಕೆಲ್ಸ. ಇಬ್ರಲ್ಲಿ ನನ್ ಕೆಲ್ಸವೇ ಅಚ್ಚುಕಟ್ಟಾಗಿ ಆಯ್ತು, ಇವತ್ತು ನೆನಸ್ಕೊಂಡ್ರೂ ನಂಗೆ ಊಟ ಒಂದು ತುತ್ತು ಜಾಸ್ತಿ ಸೇರ್ತದೆ.

ಅವ್ನು ಮದ್ದೂರಲ್ಲಿ ದೊಡ್ಮನೆ ಮಗ. ನಾನು ಮಳವಳ್ಳಿ ಕಡೆ ಅಳ್ಳಿಯೋನು, ಮದ್ದೂರಲ್ಲಿ ಅತ್ತೆ ಮನೇಲಿದ್ಕೊಂಡು ಇಸ್ಕೂಲಿಗೋಯ್ತಿದ್ದೆ. ಇಬ್ರೂ ಒಂದೇ ಮಣೆ. ಲೆಕ್ಕದ ಮೇಷ್ಟ್ರು ಬೆನ್ನು ತಿರುಗಿಸಿದ್ರೆ ಸಾಕು, ಅವ್ನ ಕಣ್ಣು ನನ್ ಸಿಲೇಟ್ ಮ್ಯಾಲೆ. ಅವತ್ತೇ ನಾನು ಉಸಾರಾಗ್ಬೇಕಿತ್ತು. ಆಮೇಲೆ ಅವ್ನು ಮೈಸೂರು, ಪೂನಾ ಅಂತ ಓಗಿ ಲಾ ಓದ್ದ. ನಾನು ಮಂಡ್ಯದಲ್ಲಿ ಒಬ್ರು ವಕೀಲರತ್ರ ಗುಮಾಸ್ತ ಆದೆ. ಮಂಡ್ಯ ಒಸದಾಗಿ ಜಿಲ್ಲೆ ಆಗಿದ್ದ ಕಾಲ. ಕೋರ್ಟ್ ಮುಂದೆ ಒಂದು ಉಣಸೆ ಮರ, ಅದರ ಬುಡದಾಗೆ ದಿನಾ ನೀರಿನ ಜಗಳದೋರು.

ನಮ್ ವಕೀಲರು ಬೆಂಗ್ಳೂರಿನೋರು. ಬದು ಯಾವ್ದು ಕಾಲುವೆ ಯಾವ್ದು ಅಂತ ಗೊತ್ತಿಲ್ದೆ ಒಂದ್ಸಲ ಕಕ್ಷಿಗಾರನ ಗದ್ದೇಲೇ ಮಂಡಿಗಂಟ ಇಳ್ದೋಗಿದ್ರು. ಅವತ್ತಿಂದ ಊರೂರಿಗೋಗಿ ಅಲ್ಲಿ ಪದ್ಧತಿ ಏನು ಅಂತ ಕೇಳ್ಕೊಂಡ್ ಬರೋ ಕೆಲ್ಸ ನಂದೇ ಆಯ್ತು. ಊರ ಕೆರೆ ತೂಬು ತೆಗ್ದು ಮುಚ್ಚೋನ್ನ ನಮ್ ಕಡೆ ನೀರುಗಂಟಿ ಅಂತಾರೆ. ಒಬ್ಬ ನೀರುಗಂಟಿ ತೂತಿನ ಬಟ್ಲನ್ನ ನೀರಲ್ಲಿ ತೇಲಿಬುಟ್ಟು, ಅದು ಮುಳುಗೋಗಂಟ ಒಂದು ಸರದಿ ಅಂತಾನೆ. ಇನ್ನೊಬ್ಬ ಒತ್ತೆಷ್ಟಾಯ್ತು ಅಂತ ತಿಳಿಯಕ್ಕೆ ತನ್ ನೆರಳನ್ನ ತನ್ ಪಾದದಲ್ಲೇ ಅಳೀತಾನೆ. ಕುಳ್ಳ ಅಳುದ್ರೂ ಉದ್ದನೋನು ಅಳುದ್ರೂ ಲೆಕ್ಕ ಒಂದೇ ಬತ್ತದೆ, ಯಾಕಂದ್ರೆ ಉದ್ದನೋನ್ಗೆ ಪಾದಾನೂ ಉದ್ದ. ಇದುನ್ನ ಕಂಡಿಡ್ದೋನು ನಾನು. ಕುಳ್ಳ ಒಬ್ಬನ್ನ ಉದ್ದ ಒಬ್ಬನ್ನ ಬಿಸಿಲಲ್ಲಿ ಅಕ್ಕಪಕ್ಕ ನಿಲ್ಸಿ ಅಳೆಸಿದ್ದೆ. ಒಂದೂರಲ್ಲಿ ಕೊನೆ ಗದ್ದೆಗೆ ಮೊದ್ಲ ನೀರು, ಪಕ್ಕದೂರಲ್ಲಿ ತೂಬಿನ ಬುಡಕ್ಕೆ ಮೊದ್ಲು. ಕೇಸು ಮುಗುದ್ರೂ ನಾನು ಬುಡ್ಲಿಲ್ಲ. ರಜ ಸಿಕ್ಕಾಗೆಲ್ಲ ದುದ್ದದ ಕಡೆ, ಬೆಸಗರಳ್ಳಿ ಕಡೆ ಸೈಕಲ್ ತುಳ್ದು ಕೇಳಿ ಕೇಳಿ ಬರ್ದೆ. ಮೂರು ವರ್ಸ, ಮೂರು ಕೆಂಪು ರಟ್ಟಿನ ಪುಸ್ತಕ. ಮದ್ವೆ ಆಗಿ ಅಂತ ಮನೇಲಿ ಬಡ್ಕೊತಿದ್ರು, ನಾನು ತೂಬು ಎಣಿಸ್ತಿದ್ದೆ.

ಒಂದ್ಸಲ ಅವ್ನು ರಜಕ್ಕೆ ಬಂದಾಗ ಜಂಬ ಕೊಚ್ಕೊಂಡು ಆ ಪುಸ್ತಕ ತೋರಿಸ್ದೆ. ಅದೇ ನಾನ್ ಮಾಡಿದ ತಪ್ಪು.

"ಒಂದ್ ವಾರ ಕೊಡ್ಲಾ, ನೋಡಿ ಕೊಡ್ತೀನಿ" ಅಂದ. ಕೊಟ್ಟೆ.

ಮಾರನೆ ವರ್ಸ ನಮ್ ವಕೀಲರು ಒಂದು ಇಂಗ್ಲೀಸು ಲಾ ಪತ್ರಿಕೆ ಇಡ್ಕೊಂಡು ನನ್ನ ಕರೆದ್ರು. "ನೋಡಯ್ಯ, ನಿಮ್ ಕಡೆ ಹುಡುಗ ಎಷ್ಟು ಚೆನ್ನಾಗಿ ಬರೆದಿದ್ದಾನೆ. ಇದರ ಮೇಲೇನೇ ಕಾಲೇಜಿನಲ್ಲಿ ಕೆಲಸ ಕೊಟ್ಟರಂತೆ" ಅಂತ ಓದಿ ಓದಿ ಕನ್ನಡದಲ್ಲಿ ಏಳಿದ್ರು. ತೂತಿನ ಬಟ್ಲು ಬಂತು. ಕುಳ್ಳ ಬಂದ, ಉದ್ದನೋನೂ ಬಂದ. ದುದ್ದದ ಪಕ್ಕದ ಒಂದೂರ್ನ ನಾನು ಬೆಸಗರಳ್ಳಿ ಕಡೇದು ಅಂತ ತಪ್ಪಾಗಿ ಬರ್ದಿದ್ದೆ, ಆ ತಪ್ಪೂ ಅಂಗಂಗೇ ಕೂತಿತ್ತು. ನನ್ನೆಸ್ರು ಮಾತ್ರ ಕೆಳಗೆ ಸಣ್ಣಕ್ಸರದಲ್ಲೂ ಇಲ್ಲ.

ಅವ್ನು ಕೈಗೆ ಸಿಕ್ಕಿದ್ದು ಮದ್ದೂರಲ್ಲಿ, ನಂಗೆ ಸೈಕಲ್ ಕೊಡ್ತಿದ್ದ ಸಾಬ್ರ ಅಂಗಡಿ ಮುಂದೆ. ಯುದ್ಧದ ಕಾಲ, ಪೆಟ್ರೋಲಿಲ್ದೆ ಬಸ್ಸೆಲ್ಲ ಇದ್ದಲಿನ ಗ್ಯಾಸ್ ಮ್ಯಾಲೆ ಓಡ್ತಿದ್ದೊ. ಬಿಳೀ ಕೋಟೆಲ್ಲ ಮಸಿ ಮಾಡ್ಕೊಂಡು ಇಳುದ.

"ಏನ್ಲಾ, ನನ್ ಪುಸ್ತಕ ಯಾವಾಗ ಕೊಡ್ತೀಯ?"

"ಯಾವ ಪುಸ್ತಕ? ಓ, ಅದಾ. ಪೂನಾದಲ್ಲೇ ಎಲ್ಲೋ ಅವೆ."

"ನೀನ್ ಬರ್ದಿದ್ದು ನೋಡ್ದೆ. ನಿನ್ನೆಸ್ರು ದಪ್ಪಗದೆ. ನನ್ನೆಸ್ರು ಕಾಣ್ನಿಲ್ವಲ್ಲ."

ಅವ್ನು ನಾಚ್ಕೊಂಡಿದ್ರೆ ನಾನು ಅಲ್ಲಿಗೇ ಬುಟ್ಬುಡ್ತಿದ್ನೋ ಏನೋ. ಅವ್ನು ನಕ್ಕ. ಕೋಟಿನ ಮಸಿ ಕೊಡವ್ಕೊಂಡು ಅಂದ, "ಲೇ, ನೀನು ಗುಮಾಸ್ತ ಕಣ್ಲಾ. ನೀನೇಳಿದ್ರೆ ಅದು ಅಳ್ಳಿ ಮಾತು. ನಾನು ಬರುದ್ರೆ ಕಾನೂನು."

ಅವ್ನು ಅತ್ಲಾಗೋದ ಮ್ಯಾಲೆ ಸಾಬ್ರು ಪಂಚರ್ ಆಕ್ತಾ ಆಕ್ತಾ ತಲೆ ಎತ್ದಂಗೇ ಕೇಳಿದ್ರು. "ಅವ್ರು ಏನ್ ಬರುದ್ರೂ ಕಾನೂನೇ ಅಂತೀರಾ?"

"ಅಂಗಂತಾವ್ನಲ್ಲ."

"ಅಂಗಾರೆ ನಿಮ್ಗೆ ಬೇಕಾದ್ದು ಬರೆಸ್ಕೊಳಿ."

ಸಾಬ್ರು ಎಂಟಾಣೆ ಬುದ್ಧಿ ಕೊಟ್ರು, ಮಿಕ್ಕ ಎಂಟಾಣೆ ನಂದು. ಕಾದ್ಕೊಂಡಿದ್ದೆ. ಅವ್ನೇ ಬಂದ. ಈಗ ಲೇಖನ ಸಾಲ್ದು, ದೊಡ್ ಗ್ರಂಥ ಬರೀತಾನಂತೆ, ಅದು ಬಂದ್ರೆ ಪ್ರೊಫೆಸರ್ ಆಯ್ತಾನಂತೆ. "ನೀನು ಜೊತೇಗಿದ್ರೆ ಜನ ಬಾಯ್ಬುಡ್ತಾರೆ, ಸುತ್ತಾಡಿಸ್ಲಾ" ಅಂದ. ಮಾನ ಅನ್ನೋದು ಅವ್ನ ಪೆಟ್ಟಿಗೇಲಿ ಇರ್ನೇ ಇಲ್ಲ. ನಾನು ಆಗ್ಲಿ ಸಾ ಅಂದೆ. ಸಾ ಅಂದಿದ್ದು ಅವ್ನಿಗೆ ಬೋ ಇಡುಸ್ತು.

ಎಲ್ಲಾ ಸುಳ್ಳೇ ಏಳಿದ್ರೆ ಸಿಕ್ಕಾಕೊತ್ತೀನಿ. ಅದುಕ್ಕೆ ಮೂವತ್ತೆಂಟು ಪದ್ಧತಿ ಅಪ್ಪಟ ನಿಜ ಏಳ್ದೆ, ಒಂದು ನನ್ ಕೈಯಾರ ಕಟ್ಟಿದ್ದು ಸೇರಿಸ್ದೆ. ಅದುಕ್ಕೆ ನಮ್ಮೂರ್ನೇ ಆರಿಸ್ಕೊಂಡೆ, ಅಲ್ಲಿ ಮಾತು ಕೇಳೋ ಜನ ನಂಗಿದ್ರು. ಅದರೆಸ್ರು ಬಾಣಂತಿ ಸರದಿ. ನೀರು ಕಮ್ಮಿಯಾದ ವರ್ಸ, ಯಾರ ಮನೇಲಿ ಬಾಣಂತಿ ಅವ್ಳೋ ಅವರ ಗದ್ದೆಗೆ ಒಂದು ಸರದಿ ಜಾಸ್ತಿ. ನೀರುಗಂಟಿ ಆ ಮನೆ ಬಾಗ್ಲಲ್ಲಿ ನಿಂತು, ಮಗ ಅತ್ತಿದ್ದು ಕಿವಿಯಾರ ಕೇಳ್ಕೊಂಡು ಓಗಿ ತೂಬು ತೆಗೀಬೇಕು. ಮಗ ಅಳೋದು ಕೊನೇಗಳಿಗೇಲಿ ತಲೆಗೆ ಒಳೀತು. ಈಗ್ಲೂ ನಂಗೆ ಅದರ ಮ್ಯಾಲೇ ಅಭಿಮಾನ.

ನಮ್ಮೂರ ನೀರುಗಂಟಿ ಮುದುಕಪ್ಪ. ಮೂರು ದಿನ ಕೂರಿಸ್ಕೊಂಡು ಬಾಯಿಪಾಠ ಮಾಡಿಸ್ದೆ.

"ಯಾರ್ಗೆ ಇದು?" ಅಂದ.

"ಮದ್ದೂರ ದೊಡ್ಮನೆ ಮಗನ್ಗೆ."

"ಅಂಗಾರೆ ನಮ್ಮಜ್ಜನ ಕಾಲದಿಂದ ಅಂತೀನಿ ಬುಡು."

ದೊಡ್ಮನೆ ಮಗನ್ನ ಕರ್ಕೊಂಡೋದ ದಿನ ಮುದುಕಪ್ಪ ನಾನೇಳ್ಕೊಟ್ಟಿದ್ದಕ್ಕಿಂತ ಚೆನ್ನಾಗೇಳ್ದ. ಕೆರೆ ಏರಿ ಮ್ಯಾಲೆ ಕುಕ್ಕರಗಾಲಲ್ಲಿ ಕೂತು, ಕಣ್ಮುಚ್ಚಿ, "ಮಗ ಅಳ್ನಿಲ್ಲ ಅಂದ್ರೆ ತೂಬು ತೆಗ್ಯಾಂಗಿಲ್ಲ ಸ್ವಾಮಿ, ಅಳೋಗಂಟ ನಿಂತಿರ್ಬೇಕು. ನಮ್ಮಜ್ಜ ಒಂದ್ಸಲ ಒತ್ತಾರೆ ನಿಂತೋನು ಉಣ್ಣೊತ್ಗಂಟ ನಿಂತಿದ್ದ" ಅಂದ. ಸುತ್ತ ನಿಂತಿದ್ದೋರು ಒಬ್ರೂ ನಗ್ನಿಲ್ಲ. ನಮ್ಮೂರ ಜನ ಅಂದ್ರೆ ಅದು. ನೀರು ತುಂಬಕ್ಕೆ ಬಂದಿದ್ದ ಎಂಗಸ್ರು ಕೊಡ ಕೆಳಗಿಟ್ಟು ಕಿವಿಗೊಟ್ಟು ಕೇಳಿದ್ರು. ನಮ್ ಪ್ರೊಫೆಸರ್ ಕಣ್ಣಾಗೆ ನೀರು. "ಎಂಥಾ ಜನ ಕಣ್ಲಾ" ಅಂತ ಬರ್ಕೊಂಡಿದ್ದೇ ಬರ್ಕೊಂಡಿದ್ದು.

ಗ್ರಂಥ ಬಂತು. ಬಾಣಂತಿ ಸರದಿಗೇ ಒಂದು ಪೂರಾ ಅಧ್ಯಾಯ. ಅದುನ್ನೇ ಎಲ್ರೂ ಒಗಳಿದ್ರಂತೆ, ಅವ್ನು ಪ್ರೊಫೆಸರ್ ಆದ. ನಾನು ನನ್ ಪಾಡಿಗೆ ಅರ್ಜಿ ಬರ್ಕೊಂಡು ಒಳಗೊಳಗೇ ಬೆಲ್ಲ ತಿಂತಿದ್ದೆ. ಎಲ್ಲಾರೂ ಇರೋ ಕಡೆ, ಕೋರ್ಟಲ್ಲೋ ಸಭೇಲೋ, ಒಂದಿನ ಇದು ನಾನ್ ಕಟ್ಟಿದ್ದು ಅಂತ ಎದ್ನಿಂತು ಏಳ್ಬೇಕು, ಅವ್ನ ಮಖ ನೋಡ್ಬೇಕು. ಅದೊಂದೇ ಆಸೆ.

ಆದ್ರೆ ಕೊಡ ಇಳಿಸಿ ಕೇಳಿದ್ರಲ್ಲ ಎಂಗಸ್ರು, ಅವ್ರನ್ನ ನಾನು ಲೆಕ್ಕಕ್ಕೇ ತಗಂಡಿರ್ನಿಲ್ಲ. ಮಾರನೆ ಬ್ಯಾಸಿಗೇಲಿ ಕೆರೆ ಅರ್ಧ ಆಗಿತ್ತು. ಒಂದ್ಮನೆ ಮಗ್ಳು ಬಾಣಂತನಕ್ಕೆ ಬಂದಿದ್ಲು. ಅವರಜ್ಜಿ ನೇರ ನೀರುಗಂಟಿ ಮುಂದೆ ಬಂದು ನಿಂತ್ಲು.

"ಬಾಪ್ಪ, ಮಗ ಅಳ್ತಾ ಅದೆ. ಕೇಳ್ಕೊಂಡು ಓಗಿ ತೂಬು ತೆಗಿ."

"ಅಜ್ಜಿ, ಅದು ಸುಮ್ಕೆ ಏಳಿದ್ದು ಕಣಮ್ಮ."

"ಎಲಾ ಇವ್ನ. ದೊಡ್ ಪ್ರೊಫೆಸರ್ರು ಬರ್ಕೊಂಡೋಗವ್ರೆ. ನಿಮ್ಮಜ್ಜ ಉಣ್ಣೊತ್ಗಂಟ ನಿಂತಿದ್ದ ಅಂತ ನೀನೇ ಅಂದೆ. ಸುಳ್ಳೇಳಿದ್ಯಾ ಅವ್ರಿಗೆ?"

ಮುದುಕಪ್ಪ ಓಗಿ ಕೇಳ್ಕೊಂಡ್ ಬಂದು ತೂಬು ತೆಗ್ದ. ಅಲ್ಲಿಂದ ವರ್ಸವರ್ಸ ಅದೇ ಆಯ್ತು. ಗಂಡಸ್ರು ಗೊಣಗಿದ್ರು, ಎಂಗಸ್ರು ಬುಡ್ಲಿಲ್ಲ. ನಾನು ಮಂಡ್ಯದಲ್ಲಿ ಕೂತು ನಗ್ತಿದ್ದೆ.

ನಗೋದು ನಿಂತಿದ್ದು ನಮ್ಮಣ್ಣ ಊರಿಗೆ ಬಂದಾಗ. ಅವ್ನು ಶಿವನಸಮುದ್ರದ ಕರೆಂಟ್ ಮನೇಲಿ ಕೆಲ್ಸದಲ್ಲಿದ್ದೋನು, ಬುಟ್ಟು ಬಂದು ಗದ್ದೆ ಮಾಡ್ದ. ಪಕ್ಕದ ಗದ್ದೆಯೋನ ಸೊಸೆ ಬಾಣಂತಿ ಆದ್ಲು. ಅವ್ನ ಗದ್ದೆಗೆ ಸರದಿ ಜಾಸ್ತಿ ಓಗಿ, ಅಣ್ಣನ ಬತ್ತ ತೆನೆ ಕಟ್ಟೋ ಒತ್ನಲ್ಲಿ ಒಣಗ್ತು. ಅಣ್ಣ ಮಂಡ್ಯ ಮುನ್ಸೀಫ್ ಕೋರ್ಟಲ್ಲಿ ದಾವಾ ಆಕ್ದ. ಪಕ್ಕದೋನ ವಕೀಲ ನಮ್ ಪ್ರೊಫೆಸರ್ ಗ್ರಂಥಾನೇ ತಂದು ಮೇಜಿನ ಮ್ಯಾಲಿಟ್ಟ. ರಜಕ್ಕೆ ಮದ್ದೂರಿಗೆ ಬಂದಿದ್ದ ಪ್ರೊಫೆಸರ್ರೂ, ತನ್ ಪುಸ್ತಕ ಕೋರ್ಟಲ್ಲಿ ಓದ್ತಾರೆ ಅಂತ ಇಸ್ತ್ರಿ ಕೋಟು ಆಕ್ಕೊಂಡು ಬಂದು ಮುಂದಿನ ಬೆಂಚಲ್ಲಿ ಕೂತ.

ನಾನು ಬೇಡ್ಕೊಂಡಿದ್ದ ದಿನ ಇದೇ. ಅಣ್ಣನ ಸಾಕ್ಷಿಯಾಗಿ ಕಟಕಟೆ ಅತ್ತಿ, ಪ್ರಮಾಣ ಮಾಡಿ, ನಿಧಾನವಾಗೇಳ್ದೆ. ಈ ಪದ್ಧತಿ ನಮ್ಮೂರಲ್ಲಿರ್ನಿಲ್ಲ. ಇದುನ್ನ ಕಟ್ದೋನು ನಾನು. ನೀರುಗಂಟಿಗೆ ಮೂರು ದಿನ ಬಾಯಿಪಾಠ ಮಾಡ್ಸಿ ಪ್ರೊಫೆಸರಿಗೆ ಏಳಿಸ್ದೋನೂ ನಾನೇ.

ಎದುರು ವಕೀಲ ಎದ್ದ. "ತಾವು ವಾದಿಗೆ ಏನಾಗಬೇಕು?"

"ತಮ್ಮ."

"ವಾದಿ ಗದ್ದೆ ಒಣಗಿದ ಮೇಲೆ ತಮಗೆ ಈ ವಿಷಯ ಜ್ಞಾಪಕಕ್ಕೆ ಬಂತೋ?"

ಕೋರ್ಟೆಲ್ಲ ನಗ್ತು. ಆಮೇಲೆ ನೀರುಗಂಟಿ ಬಂದ. ನನ್ನ ಒಂದ್ಸಲ ನೋಡ್ದ, ಇಂದೆ ನಿಂತಿದ್ದ ಊರೆಂಗಸ್ರನ್ನ ಒಂದ್ಸಲ ನೋಡ್ದ. ಅವ್ನ ಮೊಮ್ಮಗ್ಳೂ ತಿಂಗಳು ತುಂಬಿದ್ಲು ಅಂತ ನಂಗೆ ಆಮೇಲೆ ಗೊತ್ತಾಯ್ತು. "ನಮ್ಮಜ್ಜನ ಕಾಲದಿಂದ ಸ್ವಾಮಿ" ಅಂದ, ಅದೇ ಕಣ್ಮುಚ್ಕೊಂಡು. ಮುನ್ಸೀಫರು ದಾವಾ ವಜಾ ಮಾಡಿದ್ರು. ಗ್ರಂಥಾನ ಎರಡು ಮಾತು ಒಗಳಿದ್ರು. ನನ್ನ ನಂಬಕ್ಕಾಗ್ದ ಸಾಕ್ಷಿ ಅಂತ ಬರಸಿದ್ರು. ಬದುಕಲ್ಲಿ ಒಂದ್ಸಲ ಪ್ರಮಾಣ ಮಾಡಿ ನಿಜ ಏಳಿದ್ದಕ್ಕೆ ನಂಗೆ ಸಿಕ್ಕಿದ್ದು ಅದು. ಅಣ್ಣ ಮೂರು ವರ್ಸ ನನ್ ಜೊತೆ ಮಾತಾಡ್ನಿಲ್ಲ.

ಸೋತೆ ಅಂದ್ಕೊಂಡೆ. ಆದ್ರೆ ನಾನು ಕಟಕಟೆ ಇಳೀವಾಗ ಒಂದು ಕಂಡಿದ್ದೆ. ಅಷ್ಟು ಜನ ನಗ್ವಾಗ ನಗ್ದೆ ಕೂತಿದ್ದೋನು ಒಬ್ನೇ, ಪ್ರೊಫೆಸರ್ರು. ಒಂದೇ ಮಣೆ ಮ್ಯಾಲೆ ಕೂತೋನಲ್ವ, ನಾನು ಯಾವಾಗ ನಿಜ ಏಳ್ತೀನಿ ಅನ್ನೋದು ಅವ್ನಿಗೆ ಗೊತ್ತು.

ಉಣಸೆ ಮರದತ್ರ ನನ್ನ ಇಡ್ಕೊಂಡ. ದನಿ ಸಣ್ಣಗಾಗಿತ್ತು.

"ನೀನೇ ಕಟ್ಟಿದ್ದೇನ್ಲಾ?"

"ಊ."

"ಮಗ ಅಳೋದೂ?"

"ಅದು ಬೋ ಚೆನ್ನಾಗದೆ ಅಲ್ವ ಸಾ?"

ಅವ್ನು ಸುತ್ತ ನೋಡ್ದ. "ಆಯ್ತು. ಗೆದ್ದಾಯ್ತು, ಅದು ಇರ್ಲಿ. ಮಿಕ್ಕಿದ್ದೆಲ್ಲ ನಿಜ ತಾನೆ? ಎರಡನೇ ಮುದ್ರಣ ಕೇಳ್ತಾವ್ರೆ."

ಮಿಕ್ಕ ಮೂವತ್ತೆಂಟೂ ಅಪ್ಪಟ ನಿಜ, ಮೊದ್ಲೇ ಏಳಿದ್ನಲ್ಲ. ಒಂದೊಂದ್ಕೂ ನಾನು ಜೀವ ತೇದಿದ್ದೆ. ಅವ್ನ ಮಖ ನೋಡ್ದೆ. ಎಲೆ ಅಡ್ಕೆ ಆಕ್ಕೊಂಡೆ.

"ನಾನ್ ಕಟ್ಟಿದ್ದು ಇನ್ನೂ ಎರಡವೆ" ಅಂದೆ.

"ಯಾವ್ದು?"

"ಪ್ರೊಫೆಸರ್ರು ನೀವು. ನೋಡ್ಕೊಳಿ."

ಬಾಂಡು ಬರ್ಕೊಡ್ತೀನಿ, ಎಸ್ರು ಆಕ್ತೀನಿ, ಮುನ್ನುಡೀಲಿ ದೊಡ್ಡಕ್ಸರದಲ್ಲಿ ಬರೀತೀನಿ ಅಂದ. ಆಗ ಬೇಕಿತ್ತು ನಂಗೆ ಎಸ್ರು, ಈಗ ಬೇಕಾಗಿರ್ನಿಲ್ಲ. ನಾನು ಉಗುಳಿ ಒಳಗೋದೆ.

ಸ್ವಾತಂತ್ರ್ಯ ಬಂದ ವರ್ಸ ಅದು. ಊರೆಲ್ಲ ಬಾವುಟ ಕಟ್ತಿದ್ರೆ ಇವ್ನು ಒಂದು ಕೊಡೆ, ಒಂದು ಚೀಲ ಇಡ್ಕೊಂಡು ಊರೂರು ತಿರುಗ್ತಿದ್ದ. ಜೊತೇಗೆ ಯಾರ್ನೂ ಕರ್ಕೊಂಡೋಗಂಗಿಲ್ಲ, ಯಾಕೆ ಅಂತ ಯಾರ್ಗೂ ಏಳಂಗಿಲ್ಲ. ಮೂರು ವರ್ಸ ನಾನು ನಡೆದ ದಾರಿ ಪೂರಾ ಅವ್ನ ಕಾಲಲ್ಲಿ ನಡೆಸ್ದೆ. ಒಂದಿನ ನಾನು ಬಸ್ಸಲ್ಲಿ ಕೂತು ಓಯ್ತಿದ್ದಾಗ ದುದ್ದದತ್ರ ಬದು ಮ್ಯಾಲೆ ಅವ್ನು ಬೂಟ್ಸು ಕೈಲಿಡ್ಕೊಂಡು ನಿಂತಿದ್ದ, ಒಬ್ಬ ಕುಳ್ಳ ಅವ್ನ ಮುಂದೆ ನೆರಳು ಅಳೀತಿದ್ದ. ಕಿಟಕೀಲಿ ಕೈ ಬೀಸ್ದೆ. ನೋಡ್ನಿಲ್ಲ.

ರಜ ಮುಗಿಯೋ ಒತ್ಗೆ ಕೋರ್ಟ್ ಮುಂದೆ ಬಂದ. ಕರ್ರಗಾಗಿದ್ದ, ಕಾಲಿನ ಇಮ್ಮಡಿ ಒಡ್ದಿತ್ತು. ಬೆಂಚಿನ ಮ್ಯಾಲೆ ಕೂತು ಗ್ರಂಥ ತೆಗ್ದ. ಪುಟಪುಟಕ್ಕೂ ಪೆನ್ಸಿಲ್ ಗುರುತು.

"ಮೂವತ್ತೆಂಟೂ ನೋಡ್ದೆ. ಎಲ್ಲಾ ಊರಲ್ಲೂ ಅವೆ ಅಂದ್ರು. ನಿಜ ಏಳ್ಲಾ, ಆ ಎರಡು ಯಾವ್ದು?"

ನಾನು ಬರೀತಿದ್ದ ಅರ್ಜಿ ಪೂರಾ ಬರ್ದು, ಮಸಿ ಒಣಗಿಸಿ, ಮಡಿಚಿಟ್ಟು, ಆಮೇಲೆ ತಲೆ ಎತ್ತಿದೆ.

"ಸರ್ಯಾಗಿ ನೋಡಿಲ್ಲ ನೀನು. ಇನ್ನೊಂದ್ಸಲ ಸುತ್ಕೊಂಡ್ ಬಾ, ಓಗು."

ಓದ.