ಕರಿ ಫಿಲ್ಮಿನ ಅಕ್ಕಾರು

ಹೋದ ತಿಂಗಳು ಗಬ್ಬೂರ ಬೈಪಾಸ್ ಹತ್ತಿರ ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತಿದ್ದೆ. ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ತಟ್ಟೆ ಕೈಯಲ್ಲೇ ಉಳಿಯಿತು. ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಫಿಲ್ಮ್ ತೊಳೆಯುವ ನೀರಿಗೆ ಇದೇ ವಾಸನೆಯಿತ್ತು... ಅಕ್ಕಾರ ಸೆರಗಿಗೂ.

ತೊಂಬತ್ತರ ದಶಕದ ಕೊನೆ. ವಿದ್ಯಾನಗರದ ಆ ಸೆಂಟರಿನಲ್ಲಿ ಅಕ್ಕಾರು, ನಾನು ಇಬ್ಬರೇ ಟೆಕ್ನಿಷಿಯನ್ನರು. ಅವರು ನನಗಿಂತ ಹತ್ತು ವರ್ಷ ಹಿರಿಯರು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ಮಾಲೀಕ ಡಾಕ್ಟರಿಂದ ಹಿಡಿದು ಕಸ ಹೊಡೆಯುವಾಕೆಯವರೆಗೆ ಎಲ್ಲರಿಗೂ ಅವರು ಅಕ್ಕಾರು.

ತಲೆ ಸ್ಕ್ಯಾನ್ ಮಾಡುವ ಯಂತ್ರಕ್ಕೆ ಎಲ್ಲಿಂದಲೋ ತಂದ ಹಳೆಯ ಕಂಪ್ಯೂಟರ್ ಜೋಡಿಸಿದ್ದರು. ಚಿತ್ರ ಹಿಡಿದು ಫಿಲ್ಮ್ ಪ್ರಿಂಟರಿಗೆ ಕಳಿಸಲು ಅದರೊಳಗೆ ಒಂದು ಸರ್ಕ್ಯೂಟ್ ಕಾರ್ಡ್. ದೋಷವಿದ್ದದ್ದು ಆ ಕಾರ್ಡಿನಲ್ಲಿ. ಒಬ್ಬರ ಚಿತ್ರ ಕೆಲವೊಮ್ಮೆ ಅದರಲ್ಲೇ ಉಳಿದುಬಿಡುತ್ತಿತ್ತು. ಆಗ ಮುಂದಿನ ಫಿಲ್ಮಿನಲ್ಲಿ ಹೆಸರು ಇವರದು, ತಲೆ ಅವರದು. ಮೊದಲು ಕಂಡುಹಿಡಿದವರು ಅಕ್ಕಾರೇ. ಒಬ್ಬ ಮುದುಕನ ಹೆಸರಿನಲ್ಲಿ ಕೂಸಿನ ತಲೆ ಬಂದಿತ್ತು. ರಿಪೇರಿಗೆ ಬಂದ ಇಂಜಿನಿಯರ್ ಕಾರ್ಡ್ ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿ, "ಇಂಥಾ ಕಾರ್ಡ್ ಈಗ ಸಿಗೂದಿಲ್ರಿ. ಕಂಪ್ಯೂಟರ್‍ನಽ ಬದಲಿ ಮಾಡಬೇಕು" ಅಂದು ಹೋದ. ಡಾಕ್ಟರು ಅಕ್ಕಾರ ಕಡೆ ನೋಡಿದರು. "ಹೆಂಗರೆ ಹೊಂದಿಸ್ಕೊಂಡು ಹೋಗ್ರಿ."

ಹೊಂದಿಸಿಕೊಂಡರು. ಇಬ್ಬರು ರೋಗಿಗಳ ನಡುವೆ ಟೇಬಲ್ ಖಾಲಿ ಬಿಟ್ಟು ಒಂದು ಚಿತ್ರ ತೆಗೆಯುತ್ತಿದ್ದರು. ಫಿಲ್ಮ್ ಪೂರ್ತಿ ಕರಿ ಬಂದರೆ ಕಾರ್ಡ್ ಖಾಲಿಯಾಗಿದೆ ಎಂದರ್ಥ. ಇಲ್ಲದಿದ್ದರೆ ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ, ಇನ್ನೊಂದು. ಹೊರಗೆ ಕಾಯುವವರು ಬೈಯುತ್ತಿದ್ದರು. ಮೂರು ವರ್ಷದಲ್ಲಿ ಅಕ್ಕಾರು ಒಮ್ಮೆಯೂ ಅದನ್ನು ಬಿಟ್ಟದ್ದು ನಾನು ಕಾಣೆ.

ಒಂದು ದಿನ ಅವರು ಒಂದು ತಾಸು ಮಗಳ ಶಾಲೆಗೆ ಹೋಗಿದ್ದರು. ಹೊರಗೆ ಮಂದಿ ತುಂಬಿತ್ತು. ಟ್ರ್ಯಾಕ್ಟರ್ ಮೇಲಿಂದ ಬಿದ್ದ ಹೆಬ್ಬಳ್ಳಿಯ ರೈತನೊಬ್ಬ ತಲೆ ಹಿಡಿದುಕೊಂಡು ಒಳಗೆ ಬಂದ. ನಾನು ಕರಿ ಫಿಲ್ಮ್ ತೆಗೆಯಲಿಲ್ಲ. ಮರೆತದ್ದಲ್ಲ. ಒಂದು ಸಲ ಬಿಟ್ಟರೆ ಏನಾದೀತು ಅಂದುಕೊಂಡೆ... ಫಿಲ್ಮಿನಲ್ಲಿ ಎಲ್ಲ ಸರಿಯಾಗಿತ್ತು. ಆದರೆ ಅದು ಅವನಿಗಿಂತ ಮುಂಚೆ ಮಲಗಿದ್ದವರ ತಲೆ. "ಏನೂ ಇಲ್ಲಂತರಿ" ಎಂದು ಅವನ ಹೆಂಡತಿ ನನಗೂ ಕೈಮುಗಿದು ಹೋದಳು. ಮೂರನೆಯ ದಿನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಅವನು ಸತ್ತ.

ಅದು ಅವನ ತಲೆಯಲ್ಲವೆಂದು ಗೊತ್ತಾಗಿ ಡಾಕ್ಟರು ನಮ್ಮಿಬ್ಬರನ್ನೂ ಕರೆದು, ಆ ಫಿಲ್ಮ್ ತೆಗೆದವರು ಯಾರೆಂದು ಕೇಳಿದರು.

"ಅಷ್ಟೊತ್ತಿಗೆ ನಾ ಬಂದಿದ್ದೆ. ಆ ಫಿಲ್ಮ್ ನಾನಽ ತಗದದ್ರಿ," ಅಂದರು ಅಕ್ಕಾರು.

ಹೊರಗೆ ಬಂದು ಕೇಳಿದೆ. "ಯಾಕ ಹಂಗ ಹೇಳಿದ್ರಿ ಅಕ್ಕಾರ?"

"ಕೆಟ್ಟೈತಿ ಅಂತ ಗೊತ್ತಿದ್ದೂ ಮೂರು ವರ್ಷ ನಡಸಿದಾಕಿ ನಾನು. ನಾ ಹೊಂದಿಸ್ಕೊಂಡು ಹೋಗ್ಲಿಲ್ಲಂದ್ರ ಅವರು ಎಂದೋ ಬದಲಿ ಮಾಡ್ತಿದ್ರು. ನಿಂದು ಒಂದ್ ದಿನದ ತಪ್ಪು, ತಮ್ಮಾ."

ಅಂದೇ ಅವರ ಕೆಲಸ ಹೋಯಿತು. ಸುದ್ದಿ ಊರೆಲ್ಲ ಹಬ್ಬಿ, ಬೇರೆ ಯಾವ ಸೆಂಟರಿನವರೂ ಅವರನ್ನು ತೆಗೆದುಕೊಳ್ಳಲಿಲ್ಲ. ಅದೇ ಕಾರ್ಡ್ ಇನ್ನೂ ಎರಡು ವರ್ಷ ನಡೆಯಿತು. ಕರಿ ಫಿಲ್ಮ್ ತೆಗೆಯುವವನು ನಾನಾಗಿದ್ದೆ. ಅಕ್ಕಾರು ಧಾರವಾಡದಲ್ಲಿ ಬ್ಲೌಸ್ ಹೊಲಿಯುತ್ತಾರೆಂದು ಯಾರೋ ಹೇಳಿದರು. ಒಮ್ಮೆ ಬಸ್ಸಿನ ಕಿಟಕಿಯಿಂದ ಕಂಡರು, ಕೈಯಲ್ಲಿ ಬಟ್ಟೆಯ ಗಂಟು... ನಾನು ಇಳಿಯಲಿಲ್ಲ.

ಗಾಡಿಯ ಮುಂದೆ ನಿಂತ ಮರುದಿನ ವಿಳಾಸ ಹುಡುಕಿಕೊಂಡು ಧಾರವಾಡಕ್ಕೆ ಹೋದೆ. ಬಾಗಿಲು ತೆರೆದವಳು ಮಗಳು. ಅಕ್ಕಾರು ತೀರಿಕೊಂಡು ಎಂಟು ತಿಂಗಳಾಗಿತ್ತು. ನಿಂತಲ್ಲೇ ಅವಳಿಗೆ ಎಲ್ಲ ಹೇಳಿದೆ.

"ನಿಮ್ಮವ್ವ ಒಬ್ಬಾಂವನ್ನ ಕೊಂದಾಳ ಅಂತ ಅನ್ನಿಸ್ಕೋತ ಬೆಳದೇನ್ರಿ ನಾನು," ಅಂದಳು. ದನಿ ಏರಲಿಲ್ಲ. "ಇಷ್ಟು ವರ್ಷ ಎಲ್ಲಿದ್ರಿ ನೀವು?"

"ಇಲ್ಲೇ... ವಿದ್ಯಾನಗರದಾಗ."

ಅಲ್ಲಿಂದ ಅವಳ ಮನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅವಳಿಗೂ ಅದು ಗೊತ್ತಿತ್ತು. ಒಳಗೆ ಬರ್ರಿ ಅನ್ನಲಿಲ್ಲ. ಅನ್ನಲಿ ಎಂದು ನಾನೂ ಕಾಯಲಿಲ್ಲ.