ಬೆಂಕಿ ತಾಳುವ ಆಸಾಮಿ

ನನ್ನ ನೌಕರಿಯಲ್ಲಿ ಒಂದೂವರೆ ವರ್ಷ ನಾನು ಪ್ರತಿ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಬೆಂಕಿ ಅನಾಹುತದಲ್ಲಿ ಸಿಕ್ಕಿಕೊಳ್ಳುತ್ತಿದ್ದೆ. ಹತ್ತೂವರೆಗೆ ನನ್ನನ್ನು ಉಳಿಸುತ್ತಿದ್ದರು. ಹನ್ನೊಂದಕ್ಕೆ ಚಹಾ. ಇಷ್ಟು ಶಿಸ್ತಿನಿಂದ ಸಾವಿನ ದವಡೆಗೆ ಹೋಗಿ ಬಂದವರು ನಮ್ಮ ಕಡೆ ಬೇರೆ ಯಾರೂ ಇರಲಾರರು.

ಎಪ್ಪತ್ತರ ದಶಕದ ಮಾತು. ತಾಂಡೂರಿನ ರೈಲು ನಿಲ್ದಾಣದ ಹಿಂದೆ ತೊಗರಿ ತುಂಬಿಡುವ ಗೋದಾಮುಗಳ ಒಂದು ಸಾಲಿತ್ತು. ಅದರ ಒಡೆತನ ಹೈದರಾಬಾದಿನ ಒಂದು ಹಳೆಯ ಕಂಪನಿಯದು. ಈಗ ಆ ಕಂಪನಿಯೂ ಇಲ್ಲ, ಗೋದಾಮುಗಳೂ ಇಲ್ಲ. ಬೆಂಕಿ ಆರಿಸಲು ಅವರು ಇಟ್ಟುಕೊಂಡಿದ್ದ ಪಡೆಯಲ್ಲಿ ಆರು ಜನ, ಒಂದು ಪಂಪು, ನಲವತ್ತು ಬಕೆಟ್ಟು, ಮತ್ತು ಒಬ್ಬ ಸಾಹೇಬರು. ಸಾಹೇಬರು ವರಂಗಲ್ ಕಡೆಯವರು, ಮನೆಮಾತು ತೆಲುಗು. ನಮ್ಮ ಜೊತೆ ಇದ್ದು ಇದ್ದು ನಮ್ಮ ಕನ್ನಡವನ್ನೇ ಆಡುತ್ತಿದ್ದರು. ನಿಜವಾದ ಬೆಂಕಿ ಎರಡು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಆದ್ದರಿಂದ ನಮ್ಮ ಪಡೆ ತನ್ನ ಪೂರ್ಣ ಶೌರ್ಯವನ್ನು ತಾಲೀಮಿನಲ್ಲೇ ತೋರಿಸಬೇಕಾಗಿತ್ತು.

ತಾಲೀಮಿಗೆ ಒಂದು ಕೋಣೆ ಇತ್ತು. ಹಿಂದೆ ಯಾರೋ ಗಣಿಯವರು ಬಂಡೆ ಸಿಡಿಸುವ ಮದ್ದು ಇಡಲು ಕಟ್ಟಿಸಿದ್ದು. ನೆಲ ಫರಸಿಕಲ್ಲು, ಗೋಡೆ ಫರಸಿ, ಮೇಲೂ ಫರಸಿ. ಕಿಟಕಿ ಇಲ್ಲ. ಕಬ್ಬಿಣದ ಬಾಗಿಲಿಗೆ ಅಗುಳಿ ಹೊರಗಡೆ. ಒಳಗೆ ತಗಡಿನಲ್ಲಿ ತೊಗರಿ ಕಟ್ಟಿಗೆ ಹಚ್ಚಿ ಮೇಲೆ ಹಸಿ ಗೋಣಿಚೀಲ ಹಾಕಿದರೆ ನಮಗೆ ಬೇಕಾದ ನರಕ ಐದು ನಿಮಿಷದಲ್ಲಿ ಸಿದ್ಧವಾಗುತ್ತಿತ್ತು. ಅಲ್ಲಿಂದ ಒಬ್ಬ ಮನುಷ್ಯನನ್ನು ಹುಡುಕಿ, ಹಸಿ ಕಂಬಳಿಯಲ್ಲಿ ಸುತ್ತಿ ಹೊರಗೆ ತರುವುದೇ ತಾಲೀಮು.

ಆ ಮನುಷ್ಯ ಮೊದಲಿಗೆ ಹುಲ್ಲು ತುಂಬಿದ ಗೋಣಿತಟ್ಟಿನ ಗೊಂಬೆ. ಅದನ್ನು ನಾವು 'ಆಸಾಮಿ' ಎನ್ನುತ್ತಿದ್ದೆವು. 'ಆಸಾಮಿ ಎಲ್ಲ್ಯಾನ?' 'ಆಸಾಮಿ ಸಿಕ್ಕ' - ಹೀಗೆ. ಒಂದು ದಿನ ತಗಡಿನ ಕಿಡಿ ಹಾರಿ ಆಸಾಮಿ ಹೊತ್ತಿಕೊಂಡ. ಆರು ಜನ ಬೆಂಕಿಯವರು, ನಲವತ್ತು ಬಕೆಟ್ಟು, ಒಂದು ಪಂಪು ಎಲ್ಲ ಹೊರಗೆ ಸಾಲಾಗಿ ನಿಂತಿರುವಂತೆಯೇ ಬೂದಿಯಾದ. ಈ ಸಂಗತಿಯನ್ನು ನಾವು ಹೊರಗೆ ಹೆಚ್ಚು ಹೇಳಿಕೊಳ್ಳಲಿಲ್ಲ.

ನಮ್ಮ ಗುಮಾಸ್ತರು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವರು. ಕಂಪನಿಯ ಕಾಗದಪತ್ರವೆಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು. ಅವರು ಕೂತು, ಚಹಾ ಕುಡಿದು, ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದರು: ನಮ್ಮ ಆಸಾಮಿ ಸುಟ್ಟು ಹೋಗಿರುವ ಕಾರಣ, ಕಾವು ತಾಳಬಲ್ಲ ಇನ್ನೊಂದು ಆಸಾಮಿಯನ್ನು ದಯಪಾಲಿಸಬೇಕು. ಬರೆಯುವಾಗ ಉರ್ದು ಅಕ್ಷರದ ಒಳಗೆ ಮನೆಯ ಕನ್ನಡ ನುಸುಳಿದ್ದು ಅವರ ಗಮನಕ್ಕೆ ಬರಲಿಲ್ಲ. ನಮಗೆ ಆಸಾಮಿ ಎಂದರೆ ಯಾರೋ ಒಬ್ಬ ಮನುಷ್ಯ. ಹೈದರಾಬಾದಿನ ಕಚೇರಿಯ ಉರ್ದುವಿನಲ್ಲಿ ಆಸಾಮಿ ಎಂದರೆ ನೌಕರಿಯ ಹುದ್ದೆ.

ಉತ್ತರ ಬಂತು. ಹೊಸ ಆಸಾಮಿಗೆ ಮಂಜೂರಾತಿ ಇಲ್ಲ. ಇರುವ ಸಿಬ್ಬಂದಿಯಲ್ಲೇ ಒಬ್ಬನನ್ನು ಸದರಿ ಆಸಾಮಿಗೆ ನೇಮಿಸಿಕೊಳ್ಳತಕ್ಕದ್ದು.

ಗುಮಾಸ್ತರು ಎರಡು ಸಲ ಓದಿ ಕನ್ನಡಕ ತೆಗೆದರು. ತಪ್ಪಾಗಿದೆ ಎಂದು ತಿರುಗಿ ಬರೆದರೆ ಅವರ ಉರ್ದುವಿನ ಮಾನ ಹೋಗುತ್ತಿತ್ತು. ಅವರು ಬರೆಯಲಿಲ್ಲ. ಸಾಹೇಬರಿಗಂತೂ ಮೇಲಿನ ಹುಕುಮು ಎಂದರೆ ಹುಕುಮು. ಆರೂ ಜನರನ್ನು ಗೋದಾಮಿನ ತೊಗರಿ ತೂಗುವ ತಕ್ಕಡಿಗೆ ಹತ್ತಿಸಿದರು. ನಾನು ನಲವತ್ತೇಳು ಕಿಲೋ, ಬೂಟು ಸಹಿತ.

"ಏಮಯ್ಯಾ, ಅರ್ಧ ಚೀಲ ತೊಗರಿನೂ ನಿನಗಿಂತ ಭಾರ ಅದ," ಎಂದರು ಸಾಹೇಬರು. "ಇವತ್ತಿನಿಂದ ನೀನೇ ಆಸಾಮಿ."

ಹೀಗೆ ನಾನು ಗೊಂಬೆಯ ಹುದ್ದೆಗೆ ನೇಮಕವಾದೆ.

ನಗುತ್ತಾ ಬರೆಯುತ್ತಿದ್ದೇನೆ. ಆಗ ನಗು ಬರುತ್ತಿರಲಿಲ್ಲ. ಅಗುಳಿ ಬೀಳುವ ಸಪ್ಪಳ ಕೇಳಿದ ಕೂಡಲೇ ನಾನೂ ನೆಲಕ್ಕೆ ಬೀಳುತ್ತಿದ್ದೆ. ಹೊಗೆ ಮೇಲಿನಿಂದ ಇಳಿಯುತ್ತದೆ, ನೆಲದ ಹತ್ತಿರ ಒಂದು ಗೇಣು ಗಾಳಿ ಉಳಿದಿರುತ್ತದೆ ಎಂದು ಸಾಹೇಬರು ಕಲಿಸಿದ್ದರು. ನಾನು ಬೋರಲು ಮಲಗಿ ಫರಸಿಗೆ ಮೂಗು ಹಚ್ಚಿ ಆ ಗೇಣು ಗಾಳಿಯಲ್ಲಿ ಬದುಕುತ್ತಿದ್ದೆ. ಗೋಡೆ ಹತ್ತಿರ ಬಂದಂತೆ ಆಗುತ್ತಿತ್ತು. ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಕಾಲು ಚಾಚಿ ಮುಟ್ಟಿ ನೋಡುತ್ತಿದ್ದೆ. ಶುಕ್ರವಾರ ಊಟ ಸೇರದಾಯಿತು. ಆಮೇಲೆ ಗುರುವಾರವೂ. ಯಾರಿಗೂ ಹೇಳಲಿಲ್ಲ. ಬೆಂಕಿಯ ಪಡೆಯಲ್ಲಿರುವವನು ಅಂಜಿಕೆ ಎಂದರೆ, ನೀರು ಹೊರುವವನು ನನಗೆ ಒದ್ದೆ ಆಗಿಬರುವುದಿಲ್ಲ ಎಂದಂತೆ.

ಹೊರಬೀಳಲು ಒಂದೇ ದಾರಿ ಕಂಡಿತು. ಕಂಪನಿಯ ಜಹೀರಾಬಾದ್ ಗೋದಾಮಿನಲ್ಲಿ ಪಂಪು ನಡೆಸುವವನ ಜಾಗ ಖಾಲಿ ಇತ್ತು. ಅಲ್ಲಿಂದ ರಾಯಿಕೋಡ್ ಹತ್ತಿರದ ನಮ್ಮ ಹಳ್ಳಿಗೆ ನೇರ ಬಸ್ಸು. ಪಂಪು ಬಯಲಲ್ಲಿ ನಿಲ್ಲುತ್ತದೆ, ಅದನ್ನು ನಡೆಸುವವನೂ ಬಯಲಲ್ಲಿ ನಿಲ್ಲುತ್ತಾನೆ. ನನಗೆ ಬೇಕಾಗಿದ್ದ ಬಡ್ತಿ ಅಷ್ಟೇ. ಅರ್ಜಿ ಬರೆದುಕೊಟ್ಟೆ.

ಗುಮಾಸ್ತರು ಅದನ್ನು ಓದಿ ತಲೆ ಅಲ್ಲಾಡಿಸಿದರು. "ನೀ ಹೋದ್ರ ಆಸಾಮಿ ಖಾಲಿ ಬೀಳ್ತದಲ್ಲಪಾ. ಖಾಲಿ ಬಿಡಾಕ ಬರಲ್ಲ."

"ಗೊಂಬಿ ತರಸ್ರಿ, ಮಾಲಕ್."

"ಹ್ಯಾಂಗ ತರಸ್ಲಿ? ಕಾಗದದಾಗ ಆಸಾಮಿ ತುಂಬ್ಯಾರಂತ ಆಗಿಬಿಟ್ಟದ."

ಅರ್ಜಿ ಸಾಹೇಬರ ಮೇಜಿನ ಡ್ರಾಯರಿಗೆ ಹೋಯಿತು. ಡ್ರಾಯರು ಮುಚ್ಚಿತು.

ಗೇಟಿನ ಹೊರಗೆ ಬೇವಿನ ಮರದಡಿ ಚಪ್ಪಲಿ ಹೊಲಿಯುವ ಮುದುಕ ಒಬ್ಬ ಕೂಡುತ್ತಿದ್ದ. ಎಲ್ಲರಿಗೂ ಕಾಕಾ. ಹೊಗೆ ನುಂಗಿ ಕಣ್ಣು ಕೆಂಪಗೆ ಮಾಡಿಕೊಂಡು ನಾನು ಪ್ರತಿ ಶನಿವಾರ ಅವನ ಪಕ್ಕ ಕೂತು ಕೆಮ್ಮುತ್ತಿದ್ದೆ. ಒಮ್ಮೆ ಅವನೇ ಕೇಳಿದ.

"ನಿಮ್ಮ ಗೊಂಬಿ ಸುಟ್ಟಿದ್ದು ಯಾಕ ತಮ್ಮಾ? ಗೋಣಿತಟ್ಟು ಸುಡ್ತದ, ಹುಲ್ಲು ಸುಡ್ತದ. ಅಷ್ಟೂ ಗೊತ್ತಿಲ್ಲೇನು ಬೆಂಕಿ ಮಂದಿಗೆ?"

"ಸುಡಲಾರದ್ದು ಏನದ ಕಾಕಾ?"

"ಮೋಟಿನ ತೊಗಲು."

ಎತ್ತು ಕಟ್ಟಿ ಬಾವಿಯಿಂದ ನೀರು ಸೇದುತ್ತಿದ್ದ ದೊಡ್ಡ ತೊಗಲಿನ ಚೀಲವೇ ಮೋಟು. ಕರೆಂಟು ಪಂಪು ಬಂದ ಮೇಲೆ ಕಲ್ಹೇರ್ ಕಡೆಯ ಹಳ್ಳಿಗಳಲ್ಲಿ ಅವು ದನದ ಕೊಟ್ಟಿಗೆಯ ಮೂಲೆ ಸೇರಿದ್ದವು. ವರ್ಷಗಟ್ಟಲೆ ನೀರು ಕುಡಿದು, ಬಿಸಿಲು ತಿಂದು, ಎಣ್ಣೆ ಉಣ್ಣಿಸಿಕೊಂಡು ಕಟ್ಟಿಗೆಯಂತೆ ಗಟ್ಟಿಯಾದ ಎಮ್ಮೆ ತೊಗಲು. ಕಾಕಾನ ಬೀಗರ ಮನೆಯಲ್ಲಿ ಎರಡು ಇದ್ದವು. ನಾನು ನಾರಾಯಣಖೇಡ್ ಬಸ್ಸಿಗೆ ಹೋಗಿ ತಲೆಯ ಮೇಲೆ ಹೊತ್ತು ತಂದೆ. ಬಸ್ಸಿನವರು ಆ ವಾಸನೆಗೆ ನನ್ನನ್ನು ಮೇಲೆ ಛಾವಣಿಯಲ್ಲಿ ಕೂರಿಸಿದರು. ಮೇಲೆ ಗಾಳಿ ಚೆನ್ನಾಗಿತ್ತು.

ಅಳತೆಗೆ ಕಾಕಾ ನನ್ನನ್ನೇ ಮರದಡಿ ಮಲಗಿಸಿದ. ಸುತ್ತ ಇದ್ದಿಲಿನ ಗೆರೆ ಎಳೆದ. ತೊಗಲನ್ನು ನೆನೆಸಿ, ಕತ್ತರಿಸಿ, ತೊಗಲಿನ ದಾರದಲ್ಲೇ ಹೊಲಿದ. ಒಳಗೆ ತುಂಬಲು ತಾಂಡೂರಿನಲ್ಲಿ ಬೇಕಾದಷ್ಟು ಇರುವ ಕಲ್ಲುಪುಡಿ. ಸುಡುವ ಮಾತೇ ಇಲ್ಲ. ಅದನ್ನು ತುಂಬಿದ ಮೇಲೆ ಆರು ಜನ ಸೇರಿ ಎತ್ತಿದರೂ ಗೊಂಬೆ ಏಳಲಿಲ್ಲ.

"ಅಳ್ಯಾ ಅದಾನ ಬಿಡ್ರಿ," ಎಂದ ಕಾಕಾ. "ಮಾವನ ಮನಿಗಿ ಬಂದು ಮಲಗ್ಯಾನ. ಅಷ್ಟು ಲಗೂನ ಎದ್ದಾನೇನು?"

ಅಂದಿನಿಂದ ಕಾಕಾನ ಮಟ್ಟಿಗೆ ಅದು ಅಳಿಯ. ಕಲ್ಲುಪುಡಿ ಅರ್ಧ ತೆಗೆದು, ತೌಡು ಬೆರೆಸಿ, ತಕ್ಕಡಿಗೆ ಹಾಕಿ ಸರಿಯಾಗಿ ನಲವತ್ತೇಳು ಕಿಲೋ ಮಾಡಿದೆವು. ನನ್ನ ಹಳೆಯ ಖಾಕಿ ಅಂಗಿಯನ್ನೂ ತೊಡಿಸಿದೆ. ಮೂರು ಶನಿವಾರ ಅಳಿಯ ನನ್ನ ಬದಲು ಒಳಗೆ ಮಲಗಿದ. ಅಂಗಿ ಸುಟ್ಟಿತು, ಅಳಿಯ ಸುಡಲಿಲ್ಲ. ಮತ್ತೊಂದು ಹಳೆಯ ಅಂಗಿ ತೊಡಿಸಿದೆ. ಮೂರು ಗುರುವಾರ, ಮೂರು ಶುಕ್ರವಾರ ನಾನು ಹೊಟ್ಟೆ ತುಂಬ ಉಂಡೆ. ಸಾಹೇಬರು ಗೊಂಬೆಯ ಬೆನ್ನು ತಟ್ಟಿ, ಹೈದರಾಬಾದಿನ ದೊಡ್ಡ ಸಾಹೇಬರು ತಪಾಸಣೆಗೆ ಬಂದು ಇದನ್ನು ಒಪ್ಪಿದರೆ ನನ್ನ ಅರ್ಜಿ ಕಳಿಸುವುದಾಗಿ ಹೇಳಿದರು.

ದೊಡ್ಡ ಸಾಹೇಬರು ಬಂದರು. ಬಿಳಿ ಶೇರ್ವಾನಿ, ಕೈಯಲ್ಲಿ ಕರವಸ್ತ್ರ. ಕೋಣೆಯೊಳಗೆ ಇಣುಕಿ ಮೂಲೆಯಲ್ಲಿ ಮಲಗಿದ್ದ ಅಳಿಯನನ್ನು ನೋಡಿದರು. ಅವರದು ಒಂದೇ ಆಕ್ಷೇಪ.

"ಯೇ ಜವಾಬ್ ದೇತಾ ಹೈ ಕ್ಯಾ?"

ಉತ್ತರ ಕೊಡುತ್ತದೆಯೇ ಎಂದು. ಹೊಗೆಯಲ್ಲಿ ಕೂಗಿ ಕರೆದು, ಓ ಅಂದ ಕಡೆ ಹೋಗಿ ಹುಡುಕುವುದು ನಿಯಮ. ಓ ಅನ್ನದ ಗೊಂಬೆಯಿಂದ ಏನು ಪರೀಕ್ಷೆ? ಮಾತು ನ್ಯಾಯವಾಗಿಯೇ ಇತ್ತು. ಸಾಹೇಬರು ನನ್ನ ಕಡೆ ನೋಡಿದರು.

"ಇದೊಂದು ಸಲ, ನಾಯನಾ," ಎಂದರು ಮೆಲ್ಲಗೆ, ತೆಲುಗಿನಲ್ಲಿ ಮಗನನ್ನು ಕರೆಯುವಂತೆ.

ನಾನು ಒಳಗೆ ಹೋದೆ. ಅಳಿಯನನ್ನು ಹೊರಗೆಳೆಯಲು ಪುರುಸೊತ್ತಿರಲಿಲ್ಲ; ಅವನು ಮೂಲೆಯಲ್ಲೇ ಉಳಿದ. ಅಗುಳಿ ಬಿತ್ತು. ಹೊಗೆ ಇಳಿಯಿತು. ನಾನು ಅಳಿಯನ ಹತ್ತಿರವೇ ಬೋರಲಾದೆ. ಬಾಗಿಲು ತೆರೆದ ಸಪ್ಪಳ, ಆಮೇಲೆ ಜೊತೆಗಾರರಿಬ್ಬರ ದನಿ: "ಯಾರಿದ್ದೀರಿ?"

"ಓ," ಎಂದೆ. ಇನ್ನೊಮ್ಮೆ ಎಂದೆ. ಮೂರನೆಯದಕ್ಕೆ ಬರೀ ಕೆಮ್ಮು ಬಂತು.

ಅವರು ದನಿ ಬಂದ ಕಡೆಗೇ ತೆವಳಿ ಬಂದರು. ಮೊದಲು ಕೈಗೆ ಸಿಕ್ಕಿದ್ದು ಅಳಿಯ. ಖಾಕಿ ಅಂಗಿ, ಒಳಗೆ ಬೆಚ್ಚನೆಯ ತೊಗಲು, ನನ್ನಷ್ಟೇ ಉದ್ದ, ನನ್ನಷ್ಟೇ ತೂಕ. ಹಸಿ ಕಂಬಳಿಯಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿದರು. ನಾನು ಒಬ್ಬನ ಕಾಲು ಹಿಡಿದೆ. ಅವನು ಅದನ್ನು ಏನೆಂದುಕೊಂಡನೋ, ಝಾಡಿಸಿ ನಡೆದ. ಹೊರಗೆ ಸಾಹೇಬರ ದನಿ ಕೇಳಿಸಿತು.

"ಆಸಾಮಿ ಸಿಕ್ಕನೇನು?"

"ಸಿಕ್ಕಾನ್ರಿ."

"ಹೊರಗ ಬಂದನೇನು?"

"ಬಂದಾನ್ರಿ."

ಆಸಾಮಿ ಹೊರಬಂದ ಮೇಲೆ ಬೆಂಕಿಗೆ ಗಾಳಿ ಸಿಗದಂತೆ ಬಾಗಿಲು ಮುಚ್ಚಬೇಕು. ನಮ್ಮವರು ನಿಯಮದಲ್ಲಿ ಒಂದು ಅಕ್ಷರ ತಪ್ಪುವವರಲ್ಲ. ಮುಚ್ಚಿದರು. ಅಗುಳಿ ಹಾಕಿದರು.

ಆಗ ಒಳಗೆ ಎಷ್ಟು ಹೊತ್ತು ಇದ್ದೆನೋ ಹೇಳಲಾರೆ. ಐದು ನಿಮಿಷ ಎಂದು ಆಮೇಲೆ ಎಲ್ಲರೂ ಹೇಳಿದರು. ಬಾಗಿಲಿನವರೆಗೆ ತೆವಳಿದ್ದು ನೆನಪಿದೆ. ಕಬ್ಬಿಣ ಸುಡುತ್ತಿತ್ತು. ಬೂಟಿನಿಂದ ಒದ್ದೆ, ಹೊರಗೆ ಆಗ ಚಪ್ಪಾಳೆ ತಟ್ಟುತ್ತಿದ್ದರು. ಬಾಗಿಲ ಬುಡದ ಸಂದಿಯಲ್ಲಿ ಬೆಳಕಿನ ಒಂದು ಗೆರೆ ಇತ್ತು. ಅದಕ್ಕೆ ಬಾಯಿ ಹಚ್ಚಿ ಮಲಗಿದೆ. ಹೊರಗೆ ನನ್ನ ಹುದ್ದೆಯಲ್ಲಿದ್ದ ಗೊಂಬೆಗೆ ಬದುಕಿ ಬಂದವನ ಮರ್ಯಾದೆ ಸಿಗುತ್ತಿತ್ತು. ನನಗೆ ಆ ಬೆಳಕಿನ ಗೆರೆ ಬಿಟ್ಟು ಬೇರೆ ಏನೂ ಬೇಡವಾಗಿತ್ತು.

ಹೊರಗೆ ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ದೊಡ್ಡ ಸಾಹೇಬರಿಗೆ ಸಲಾಮು ಕೊಡುವುದು, ಅವರು ಗಡಿಯಾರ ನೋಡಿ ಶಹಬ್ಬಾಸ್ ಅನ್ನುವುದು ಎಲ್ಲ ಆಗುವವರೆಗೂ ಕಂಬಳಿಯನ್ನು ಯಾರೂ ಬಿಚ್ಚಿರಲಿಲ್ಲ. ತನ್ನ ಕೆಲಸ ನೋಡಲು ಬಂದಿದ್ದ ಕಾಕಾ ಗೇಟಿನ ಹತ್ತಿರ ನಿಂತಿದ್ದ. ಕಂಬಳಿಯ ತುದಿಯಲ್ಲಿ ಹೊರಬಿದ್ದಿದ್ದ ಪಾದದ ಹೊಲಿಗೆ ಅವನ ಕಣ್ಣಿಗೆ ಬಿತ್ತು.

"ಸಾಹೇಬ್ರ, ಇಂವ ನನ್ನ ಅಳ್ಯಾ ಅದಾನ್ರಿ. ನಿಮ್ಮ ಮನಿಷ್ಯಾ ಎಲ್ಲಿ?"

ಬಾಗಿಲು ತೆರೆದಾಗ ನಾನು ಹೊಸ್ತಿಲ ಮೇಲೆಯೇ ಉರುಳಿದೆ. ನೀರು ಹಾಕಿದರು. ಕಾಕಾ ತನ್ನ ರುಮಾಲಿನಿಂದ ಮುಖ ಒರೆಸಿದ. ದೊಡ್ಡ ಸಾಹೇಬರು ಗಡಿಯಾರ ನೋಡಿ, ರೈಲಿಗೆ ಇನ್ನೂ ಹೊತ್ತಿದೆ, ತಾಲೀಮು ಇನ್ನೊಮ್ಮೆ ಸರಿಯಾಗಿ ಆಗಲಿ ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದೆ, ಬಾಗಿಲಿನವರೆಗೆ ಹೋದೆ. ಅಲ್ಲೇ ನಿಂತುಬಿಟ್ಟೆ. ಒಂದೂವರೆ ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತು ತಾನಾಗಿ ಹೊರಬಿತ್ತು.

"ಸಾಹೇಬ್ರ, ನನಗ ಒಳಗ ಅಂಜಿಕಿ ಬರ್ತದ್ರಿ. ಮೊದಲಿಂದನೂ ಬರ್ತದ."

ಜೊತೆಗಾರರು ನೆಲ ನೋಡಿದರು. ನಮ್ಮ ಸಾಹೇಬರು ಟೋಪಿ ತೆಗೆದು ಗುಮಾಸ್ತರ ಕೈಗೆ ಕೊಟ್ಟು, ಬೆಲ್ಟಿನ ಕೊಂಡಿ ಸಡಿಲಿಸಿ, ತಾವೇ ಒಳಗೆ ಹೋದರು. ಅವರ ತೂಕ ಎಂಬತ್ತರ ಮೇಲಿತ್ತು.

ಅಗುಳಿ ಬಿತ್ತು. ಎರಡು ನಿಮಿಷ ಆಗಿರಬೇಕು. ನಮ್ಮವರಿಬ್ಬರು ಕಂಬಳಿಯನ್ನು ಬಕೆಟ್ಟಿನಲ್ಲಿ ಅದ್ದುತ್ತಿದ್ದರು. ಇನ್ನೂ ಯಾರೂ ಕೂಗಿರಲಿಲ್ಲ, ಒಳಗಿನಿಂದಲೇ ಕೇಳಿಸಿತು, "ಓ. ಓ. ಓ."

ಹೊರಗೆ ಬಂದ ಸಾಹೇಬರು ಕಟ್ಟೆಯ ಮೇಲೆ ಕೂತು ಕಣ್ಣು ಒರೆಸಿಕೊಂಡರು. ದೊಡ್ಡ ಸಾಹೇಬರು ಏನೋ ಕೇಳಿದರು. ಇವರು ನನ್ನನ್ನು ಹತ್ತಿರ ಕರೆದರು.

"ಇದರಾಗ ಒಂದೂವರೆ ವರ್ಷ ಮಲಗಿದ್ದಿಯೇನಯ್ಯಾ?"

"ಹೌದ್ರಿ."

"ಮತ್ತ ಬಾಯಿ ಬಿಟ್ಟು ಯಾಕ ಹೇಳಲಿಲ್ಲ?"

"ನೀವು ಕೇಳ್ಲಿಲ್ರಿ."

ಅವರು ಸ್ವಲ್ಪ ಹೊತ್ತು ಕೆಮ್ಮಿದರು. ಗುಮಾಸ್ತರ ಕಡೆಗೆ ಕೈ ಚಾಚಿದರು. ಗುಮಾಸ್ತರು ಟೋಪಿ ಕೊಡಲು ಹೋದರು.

"ಟೋಪಿ ಅಲ್ಲಯ್ಯಾ," ಎಂದರು ಸಾಹೇಬರು. "ಪೆನ್ನು ಕೊಡು. ಡ್ರಾಯರಿನಾಗ ಇವನ ಅರ್ಜಿ ಅದ, ತಗೊಂಡು ಬಾ."